ತಾಟಿಗೆ ಎಪ್ಪತ್ತು ರೂಪಾಯಿ

ಏಪ್ರಿಲ್ 4, ಶುಕ್ರವಾರ

ಈ ಪುಸ್ತಕ ಯಾರೂ ಓದಲೆಂದು ಬರೆಯುತ್ತಿಲ್ಲ. ನಾಲ್ಕು ವರ್ಷ ಕೆಲಸವಿಲ್ಲದೆ ಕೂತಿದ್ದಾಗ ಬರೆಯಲು ಏನೂ ಇರಲಿಲ್ಲ, ಇವತ್ತಿನಿಂದ ಇದೆ. ನಾನು ಹಾಲಸ್ವಾಮಿ, ವಯಸ್ಸು ನಲವತ್ತೊಂಬತ್ತು, ಕೊಟ್ಟೂರು. ಹುದ್ದೆ: ದರ ಸಂಗ್ರಾಹಕ. ಆರು ತಿಂಗಳ ಗುತ್ತಿಗೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಐದೂ ತಾಲ್ಲೂಕು ನನ್ನ ಕೈಗೆ ಬಂದಿವೆ. ಪಾಳೇಗಾರರಿಗೂ ಇಷ್ಟು ಸೀಮೆ ಇತ್ತೋ ಇಲ್ಲವೋ. ತಿಂಗಳಿಗೊಮ್ಮೆ ಪ್ರತಿ ಊರಿಗೂ ಗೊತ್ತಾದ ದಿನ ಹೋಗಬೇಕು. ಗೊತ್ತುಮಾಡಿದ ಅಂಗಡಿಗಳಲ್ಲಿ ಎಂಬತ್ತನಾಲ್ಕು ಸಾಮಾನಿನ ಬೆಲೆ ಕೇಳಿ ಕಚೇರಿಯವರು ಕೊಟ್ಟ ಟ್ಯಾಬಿನಲ್ಲಿ ತುಂಬಬೇಕು. ಅಂಗಡಿ ಬದಲಿಸುವಂತಿಲ್ಲ, ಸಾಮಾನು ಬದಲಿಸುವಂತಿಲ್ಲ. ದೇಶದಲ್ಲಿ ಬೆಲೆ ಏರಿತೋ ಇಳಿಯಿತೋ ಎಂದು ದಿಲ್ಲಿಯವರಿಗೆ ತಿಳಿಯುವುದು ನನ್ನಂಥವರಿಂದ. ಹೆಮ್ಮೆಯ ಕೆಲಸ. ಸಂಬಳ ಮಾತ್ರ ಹೆಮ್ಮೆಪಡುವಷ್ಟಿಲ್ಲ.

ಎಂಬತ್ತೊಂದನೆಯ ಸಾಮಾನು "ಖಾನಾವಳಿ ಊಟ, ಒಂದು ತಾಟು". ಕೊಟ್ಟೂರಿಗೆ ಗೊತ್ತುಮಾಡಿದ ಅಂಗಡಿ ಬಸ್ ನಿಲ್ದಾಣದ ಹಿಂದಿನ ಖಾನಾವಳಿ, ಮಾಲೀಕರು ನಾಗಲಿಂಗಮ್ಮ. ಅಂದರೆ ನನ್ನ ಹೆಂಡತಿ. ಆರಿಸಿದ್ದು ನಾನಲ್ಲ, ನನಗಿಂತ ಮೊದಲು ಈ ಕೆಲಸದಲ್ಲಿದ್ದವನು. ಹೆಂಡತಿಯ ಅಂಗಡಿಯಲ್ಲಿ ಬೆಲೆ ಕೇಳಬಾರದು ಎಂದು ನಿಯಮದ ಪುಸ್ತಕದಲ್ಲಿ ಎಲ್ಲೂ ಇಲ್ಲ. ಎರಡು ಸಲ ಓದಿದ್ದೇನೆ.

ಮಧ್ಯಾಹ್ನ ಟ್ಯಾಬು ಹಿಡಿದು ಹೋಗಿ ಗಂಭೀರವಾಗಿ ಕೇಳಿದೆ, "ಅಮ್ಮಾರ, ಊಟ ಎಷ್ಟು?"

"ಹದಿನಾಲ್ಕು ವರ್ಷದಿಂದ ಪುಕ್ಕಟ ಉಣ್ಣೋರಿಗೆ ಇವತ್ಯಾಕ ರೇಟು?" ಎಂದಳು. ಮೂಲೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಸುಂಕಮ್ಮ ನಕ್ಕಳು. ಬೋರ್ಡು ನೋಡಿ ಎಪ್ಪತ್ತು ಎಂದು ತುಂಬಿದೆ.

ಏಪ್ರಿಲ್ 11, ಶುಕ್ರವಾರ

ಹಡಗಲಿ. ಬಸ್ಸಿನ ತುಂಬ ಹೆಂಗಸರು, ಎಲ್ಲರದೂ ಉಚಿತ ಟಿಕೆಟು. ದುಡ್ಡು ಕೊಟ್ಟು ಬಂದವನು ನಾನು, ಕಂಬ ಹಿಡಿದು ನಿಂತವನೂ ನಾನು.

ಪಟ್ಟಿಯಲ್ಲಿ "ಮಲ್ಲಿಗೆ ಹೂವು, ಒಂದು ಮೊಳ" ಎಂದಿದೆ. ಯಾರ ಮೊಳ ಎಂದು ಪಟ್ಟಿ ಮಾಡಿದವನು ಕೇಳಲಿಲ್ಲ. ಹೂ ಮಾರುವ ಎರ್ರೆಮ್ಮನದು ಉದ್ದ ಕೈ, ಅವಳ ಒಂದು ಮೊಳದಲ್ಲಿ ಇಬ್ಬರು ಮುಡಿಯಬಹುದಿತ್ತಂತೆ. ಅವಳಿಗೆ ಹೆಗಲು ನೋವು ಬಂದು, ಈಗ ಅಳೆಯುವವಳು ಸೊಸೆ ಕೀರ್ತನಾ. ಕೀರ್ತನಾ ಗಿಡ್ಡ. ಕೈಯೂ ಗಿಡ್ಡ. ದರ ಅದೇ ಮೂವತ್ತು ರೂಪಾಯಿ.

"ಹೂವಿನ ರೇಟು ಏರಿಲ್ರಿ, ಸೊಸಿ ಬಂದಾಳ ಅಷ್ಟ," ಎಂದಳು ಎರ್ರೆಮ್ಮ.

ನಾನು ಬಿಡುವವನಲ್ಲ. ಇಬ್ಬರ ಕೈಯನ್ನೂ ದರ್ಜಿಯ ಟೇಪಿನಿಂದ ಅಳೆದೆ. ಒಂಬತ್ತು ಸೆಂಟಿಮೀಟರ್ ಕಡಿಮೆ ಬಂತು. ಷರಾ ಕಾಲಮಿನಲ್ಲಿ ಬರೆದೆ: "ದರ ಸ್ಥಿರವಾಗಿ ಕಂಡರೂ ಮೊಳ ಕುಗ್ಗಿರುತ್ತದೆ." ಸತ್ಯ ಎಲ್ಲಿ ಅಡಗಿದ್ದರೂ ಎಳೆದು ತರುವುದೇ ನನ್ನ ಕೆಲಸ.

ಏಪ್ರಿಲ್ 28, ಸೋಮವಾರ

ಕಚೇರಿಯಲ್ಲಿ ಸಭೆ. ನಮ್ಮ ಮೇಲ್ವಿಚಾರಕರು ಅರುಣಕುಮಾರ್, ವಯಸ್ಸು ಇಪ್ಪತ್ತೊಂಬತ್ತು. ಅಂಗಿಯ ಇಸ್ತ್ರಿ ಸಂಜೆಯಾದರೂ ಮುರಿಯುವುದಿಲ್ಲ. ಗೋಡೆಯ ಮೇಲೆ ನಮ್ಮೆಲ್ಲರ ಕೋಷ್ಟಕ ತೋರಿಸಿದರು. ಬೆಲೆ ಒಂದು ತಿಂಗಳಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಏರಿದರೆ ಆ ಚೌಕ ಕೆಂಪು, ಇಲ್ಲದಿದ್ದರೆ ಹಸಿರು. ಬೇರೆಯವರದು ಮಳೆಗಾಲದ ಹೊಲ. ನನ್ನದರಲ್ಲಿ ಮಾತ್ರ ಹತ್ತೊಂಬತ್ತು ಕೆಂಪು.

"ಹಾಲಸ್ವಾಮಿಯವರೇ, ಇದೇನು ದಡಾರವೇ?" ಎಂದರು. ಎಲ್ಲರೂ ನಕ್ಕರು.

ಬೆಲೆ ಏರಿದ್ದು ನಿಜ ಸರ್ ಎಂದೆ. ಕೆಂಪು ಬಂದರೆ ಮೇಲಿನವರು ಕಾರಣ ಕೇಳುತ್ತಾರೆ, ಕಾರಣ ಬರೆಯಬೇಕಾದವರು ಮೇಲ್ವಿಚಾರಕರಾದ ತಾವು, ಕೆಂಪು ಹೆಚ್ಚಿದ್ದವರ ಗುತ್ತಿಗೆ ಸೆಪ್ಟೆಂಬರಿನಲ್ಲಿ ನವೀಕರಣ ಆಗುವುದು ಕಷ್ಟ ಎಂದರು. ಆಮೇಲೆ ಮೊಳದ ಷರಾ ಓದಿ ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ನೀವು ಹೆಣ್ಣುಮಕ್ಕಳ ಕೈ ಅಳೆದಿರಾ?"

ಇನ್ನು ಷರಾ ಬರೆಯುವುದಿಲ್ಲ.

ಮೇ 2, ಶುಕ್ರವಾರ

ಕೊಟ್ಟೂರಿನ ದಿನ. ತಿಂಗಳ ಮೊದಲ ಶುಕ್ರವಾರ ಇಲ್ಲಿಗೆ ಮೀಸಲು.

ನಾಗಲಿಂಗಮ್ಮ ಊಟದ ಬೆಲೆ ಎಂಬತ್ತೈದು ಮಾಡುತ್ತಾಳಂತೆ. ಎಣ್ಣೆ, ಬೇಳೆ, ಸಿಲಿಂಡರು ಎಲ್ಲ ಏರಿವೆ ಎಂದು ನನಗೇ ಪಾಠ ಹೇಳಿದಳು, ಅವುಗಳ ಬೆಲೆ ತುಂಬುವವನು ನಾನೇ ಎಂಬುದನ್ನು ಮರೆತು. ಅವಳಿಗೆ ನಿಜವಾದ ಚಿಂತೆ ಸುಂಕಮ್ಮನದು. ಸುಂಕಮ್ಮ ಕೋಗಳಿಯಿಂದ ದಿನಾ ಬಂದು ಮುನ್ನೂರು ರೊಟ್ಟಿ ಬಡಿಯುತ್ತಾಳೆ. ಅವಳ ರೊಟ್ಟಿ ಇದ್ದರೆ ಖಾನಾವಳಿ, ಇಲ್ಲದಿದ್ದರೆ ನಾಲ್ಕು ಬೆಂಚು. ಹರಪನಹಳ್ಳಿಯ ಹೋಟೆಲೊಂದು ಅವಳಿಗೆ ದಿನಕ್ಕೆ ನೂರು ಹೆಚ್ಚು ಕೊಡುತ್ತೇನೆ ಎಂದಿದೆಯಂತೆ.

"ಅಕ್ಕಾರ, ನಿಮ್ಮನ್ನ ಬಿಟ್ ಹೋಗಾಕ ಮನಸ್ಸಿಲ್ಲ," ಎಂದಳು ಸುಂಕಮ್ಮ. "ಆದ್ರ ಮನಸ್ಸು ತಗೊಂಡ್ ಹೋದ್ರ ಅಂಗಡ್ಯಾಗ ಬ್ಯಾಳಿ ಕೊಡಂಗಿಲ್ಲ."

ಎಪ್ಪತ್ತರಿಂದ ಎಂಬತ್ತೈದು ಅಂದರೆ ನೂರಕ್ಕೆ ಇಪ್ಪತ್ತೊಂದು. ಚೌಕ ಕೆಂಪಲ್ಲ, ಕೆಂಡ. ಎಪ್ಪತ್ತಾರು ಮಾಡು ಎಂದೆ.

"ಚಿಲ್ರೆ ಕೊಡಾಕ ನೀವ ಕುಂದರ್ತೀರೇನು ಗಲ್ಲಾದಾಗ?"

ಒಂದು ತಿಂಗಳು ತಡೆ ಎಂದು ಬೇಡಿಕೊಂಡೆ. ತಡೆದಳು. ಎಪ್ಪತ್ತು. ಹಸಿರು. ಅವಳು ಒಳ್ಳೆಯವಳು, ಆದರೆ ಅಂಕಿಅಂಶದ ಜ್ಞಾನ ಇಲ್ಲ.

ಮೇ 21, ಬುಧವಾರ

ಹಗರಿಬೊಮ್ಮನಹಳ್ಳಿ. ಕಿರಾಣಿ ಅಂಗಡಿಯ ಮರುಳಪ್ಪ ನನ್ನನ್ನು ಕಂಡರೆ ಎದ್ದು ನಿಲ್ಲುತ್ತಾನೆ, ತೆರಿಗೆಯವನು ಎಂದುಕೊಂಡಿದ್ದಾನೆ. ಅಲ್ಲ ಎಂದು ಹೇಳಿದಷ್ಟೂ ಹೆಚ್ಚು ಹೆದರುತ್ತಾನೆ. ಎಣ್ಣೆ ಎಷ್ಟು ಎಂದು ಕೇಳಿದೆ.

"ನಿಮಗ ಎಷ್ಟು ಬೇಕ್ರಿ ಸ್ವಾಮ್ಯಾರ?"

"ನನಗೆ ಬೇಕಾದ್ದು ನಿಜ."

"ನಿಜ ನೂರ ಎಪ್ಪತ್ತು. ನಿಮಗ ಬ್ಯಾಡಾಗಿದ್ರ ಹೇಳ್ರಿ."

ಕಳೆದ ತಿಂಗಳು ನೂರ ನಲವತ್ತೆಂಟು ಇತ್ತಲ್ಲ ಎಂದೆ, ಸುಮ್ಮನೆ ಮಾತಿಗೆ. "ಹಂಗಾರ ಅದನ್ನ ಬರ್ಕೊಳ್ರಿ, ನಮ್ಮದೇನ್ ಹೋಗತೈತಿ," ಎಂದ. ವ್ಯಾಪಾರಿ ತಾನೇ ಬಾಯಿಬಿಟ್ಟು ಹೇಳಿದ ದರ ಅದು. ನಿಯಮದ ಪ್ರಕಾರ ವ್ಯಾಪಾರಿ ಹೇಳಿದ್ದನ್ನೇ ತುಂಬಬೇಕು. ತುಂಬಿದೆ.

ಕೂಡ್ಲಿಗಿಯಲ್ಲಿ ತರಕಾರಿ ಮಾರುವ ಜಂಬಕ್ಕನೂ ಮೊನ್ನೆ ಹೀಗೇ. ಟೊಮೆಟೊ ಎಷ್ಟಮ್ಮ ಎಂದರೆ, "ಹೆಚ್ಚು ಅಂದ್ರ ಸರಕಾರ ಏನರ ಕೊಡತೈತೇನು? ಕಡಿಮಿ ಅಂದ್ರ ಯಾರರ ಹಿಡಿತಾರೇನು?" ಎಂದು ಕೇಳಿದಳು. ಎರಡೂ ಇಲ್ಲ ಎಂದೆ. "ಮತ್ಯಾಕ ನನ್ ಹೊತ್ತು ಹಾಳ್ ಮಾಡ್ತಿ?" ಎಂದು ನೀರು ಚಿಮುಕಿಸುವ ನೆಪದಲ್ಲಿ ನನ್ನ ಪ್ಯಾಂಟು ತೋಯಿಸಿದಳು. ಇಂಥವರಿಂದ ದೇಶದ ಬೆಲೆ ಸೂಚ್ಯಂಕ ತಯಾರಾಗಬೇಕು.

ಜೂನ್ 6, ಶುಕ್ರವಾರ

ನಾಗಲಿಂಗಮ್ಮ ನನ್ನನ್ನು ಕೇಳದೆ ಹತ್ತು ದಿನದ ಹಿಂದೆಯೇ ಎಂಬತ್ತೈದರ ಬೋರ್ಡು ಹಾಕಿದ್ದಾಳೆ. ಸುಂಕಮ್ಮನಿಗೆ ಕೂಲಿಯನ್ನೂ ಏರಿಸಿದ್ದಾಳೆ. ನಾನು ದಿನವೂ ತಿರುಗಾಟದಲ್ಲಿದ್ದು ಖಾನಾವಳಿಯ ಕಡೆ ಹೋಗಿರಲಿಲ್ಲ. ದರ ಸಂಗ್ರಾಹಕನ ಹೆಂಡತಿ ದರ ಏರಿಸಿದ್ದು ಗಂಡನಿಗೆ ಕೊನೆಗೆ ಗೊತ್ತಾಗುತ್ತದೆ.

ಬೆಳಿಗ್ಗೆ ಅವಳ ಮುಂದೆ ಕೂತು ಎಲ್ಲ ಹೇಳಿದೆ. ನಾಲ್ಕು ವರ್ಷ ಅವಳ ದುಡಿಮೆಯಲ್ಲಿ ಉಂಡಿದ್ದು, ಊರಲ್ಲಿ ಜನ ನನ್ನನ್ನು "ಖಾನಾವಳಿ ನಾಗಲಿಂಗಮ್ಮನ ಗಂಡ" ಅನ್ನುವುದು, ಈಗ ಬಸ್ಸಿನಲ್ಲಿ ಕಂಡಕ್ಟರ್ "ಸರ್" ಅನ್ನುವುದು. ಕಣ್ಣಲ್ಲಿ ನೀರು ಬಂತು, ನಾಟಕವಲ್ಲ. ಅವಳು ಒಲೆಯ ಉರಿ ಸಣ್ಣ ಮಾಡಿ, "ಈಗೇನ್ ಮಾಡಬೇಕು ಹೇಳ್ರಿ," ಎಂದಳು.

ನಿಯಮ ಸ್ಪಷ್ಟ: ಭೇಟಿಯ ದಿನದ ದರ ತುಂಬಬೇಕು. ಭೇಟಿಯ ದಿನ ಎಪ್ಪತ್ತಿದ್ದರೆ ಸುಳ್ಳಾಗುವುದಿಲ್ಲ. ಹಳೆಯ ಬೋರ್ಡು ಅಟ್ಟದಿಂದ ಇಳಿಸಿ ಒರೆಸಿ ನೇತುಹಾಕಿದೆ. ತಿಂಗಳಿಗೆ ಒಂದೇ ದಿನ, ತಾಟಿಗೆ ಹದಿನೈದು ರೂಪಾಯಿ ನಷ್ಟ, ಪೇಟೆಯಲ್ಲಿ ಒಂದು ಹಬ್ಬದ ರಿಯಾಯಿತಿಗೂ ಇದಕ್ಕಿಂತ ಹೆಚ್ಚು ಹೋಗುತ್ತದೆ. ಉಣ್ಣುತ್ತಿದ್ದ ಲಾರಿ ಡ್ರೈವರೊಬ್ಬ ಬೋರ್ಡು ನೋಡಿ, "ಏನ್ರಿ ಅಮ್ಮಾರ, ರೇಟು ಇಳಿಸೀರಿ? ಆರಾಮದೀರಿಲ್ಲ?" ಎಂದ.

ಪ್ರಾಮಾಣಿಕವಾಗಿ ಎಪ್ಪತ್ತು ತುಂಬಿದೆ.

ಜೂನ್ 14, ಶನಿವಾರ

ಖಾನಾವಳಿಯಿಂದ ಹೊಲಿಗೆ ತರಬೇತಿ ಕೇಂದ್ರವೊಂದಕ್ಕೆ ದಿನಾ ನಲವತ್ತು ಊಟ ಹೋಗುತ್ತದೆ, ತಾಟಿಗೆ ಅರವತ್ತೈದರಂತೆ. ನಾಗಲಿಂಗಮ್ಮನಿಗೆ ಅದರಲ್ಲಿ ಏನೂ ಗಿಟ್ಟುತ್ತಿಲ್ಲ, ಕೈಯಿಂದಲೇ ಹೋಗುತ್ತಿದೆ. ಆಗಸ್ಟಿನಲ್ಲಿ ದರ ಪರಿಷ್ಕರಣೆ ಮಾಡುತ್ತಾರೆ, "ಪ್ರದೇಶದ ಬೆಲೆ ಪಟ್ಟಿಯ ಅನುಸಾರ" ಎಂದು ಕರಾರಿನಲ್ಲಿದೆಯಂತೆ. ಎಂಬತ್ತು ಕೊಡಿಸುವಂತೆ ಅರ್ಜಿ ಬರೆದುಕೊಡಿ ಎಂದಳು.

ಚೆನ್ನಾಗಿ ಬರೆದುಕೊಟ್ಟೆ. "ದಿನಬಳಕೆಯ ವಸ್ತುಗಳ ಬೆಲೆ ಗಗನಕ್ಕೇರಿರುವ ಈ ಸಂದರ್ಭದಲ್ಲಿ" ಎಂದು ಶುರುಮಾಡಿ ಎರಡು ಪುಟ. ಓದಿಸಿಕೊಂಡು ಅವಳ ಮುಖ ಅರಳಿತು. ಆ ಹಣ ಬಂದರೆ ಶುಕ್ರವಾರದ ನಷ್ಟವೂ ಲೆಕ್ಕಕ್ಕಿಲ್ಲ, ಸುಂಕಮ್ಮನೂ ಉಳಿಯುತ್ತಾಳೆ ಎಂದಳು. ಬರದಿದ್ದರೆ ಬಾಗಿಲು ಹಾಕಬೇಕಾಗುತ್ತದೆ ಎಂದೂ ಹೇಳಿದಳು. ಹೆಂಗಸರು ಎಲ್ಲದಕ್ಕೂ ಹೆದರುತ್ತಾರೆ.

ಜುಲೈ 4, ಶುಕ್ರವಾರ

ಇವತ್ತು ಖಾನಾವಳಿಯ ಮುಂದೆ ಸಾಲು! ತಿಂಗಳ ಮೊದಲ ಶುಕ್ರವಾರ ನಾಗಲಿಂಗಮ್ಮನ ಹತ್ತಿರ ಎಪ್ಪತ್ತಕ್ಕೇ ಊಟ ಎಂದು ಸುದ್ದಿ ಹಬ್ಬಿದೆ. ಕೂಡ್ಲಿಗಿಯಿಂದ ಒಂದು ಆಟೋ ತುಂಬ ಬಂದಿದ್ದರು. ಒಬ್ಬ ಹಿರಿಯರು ಇದು ಹರಕೆಯ ಊಟ ಎಂದುಕೊಂಡು ತಾಟಿಗೆ ಕೈಮುಗಿದು ಉಂಡರು. ಜಂಬಕ್ಕ ಕೂಡ! "ನೀ ಬರೋ ದಿನ ಎಲ್ಲಾ ಸಸ್ತಾ ಅಂತಲ್ಲೋ ಮಾರಾಯ. ನಮ್ಮೂರಿಗೆ ದಿನಾ ಬಾ," ಎಂದಳು.

ಸುಂಕಮ್ಮ ಐನೂರು ರೊಟ್ಟಿ ಬಡಿದಳು. ಮಧ್ಯಾಹ್ನ ಮೂರಕ್ಕೆ ಎದ್ದು ಎರಡೂ ಮಣಿಕಟ್ಟನ್ನು ತಣ್ಣೀರಿನಲ್ಲಿ ಇಟ್ಟುಕೊಂಡು ಕೂತಿದ್ದಳು. "ಸ್ವಾಮ್ಯಾರ, ಮುಂದಿನ ತಿಂಗ್ಳ ನೀವು ರಜಾ ಹಾಕ್ರಿ," ಎಂದಳು. ತಮಾಷೆಯ ಹೆಂಗಸು.

ರೊಟ್ಟಿ ಸಣ್ಣದು ಮಾಡಿದರೆ ಹೇಗೆ ಎಂದು ನಾಗಲಿಂಗಮ್ಮನಿಗೆ ಸೂಚಿಸಿದೆ. ಹಡಗಲಿಯಲ್ಲಿ ಮಲ್ಲಿಗೆಗೆ ಹಾಗೇ ಮಾಡುತ್ತಾರೆ, ದರ ಸ್ಥಿರವಾಗಿರುತ್ತದೆ.

"ಮೊದ್ಲು ನೀವು ಟೇಪು ಹಿಡ್ಕೊಂಡು ಅಳಿತಿದ್ರಿ," ಎಂದಳು.

ಎಪ್ಪತ್ತು. ಹಸಿರು.

ಜುಲೈ 22, ಮಂಗಳವಾರ

ಪ್ರಶಸ್ತಿ! "ಅತ್ಯುತ್ತಮ ಕ್ಷೇತ್ರ ಕಾರ್ಯ" ಪ್ರಮಾಣಪತ್ರ. ಐದು ತಾಲ್ಲೂಕು, ನಾನೂರ ಇಪ್ಪತ್ತು ಚೌಕ, ಒಂದೂ ಕೆಂಪಿಲ್ಲ. ಅರುಣಕುಮಾರ್ ಶಾಲು ಹೊದಿಸಿ, "ಈ ಭಾಗದಲ್ಲಿ ಬೆಲೆ ಏರಿಕೆ ಸಂಪೂರ್ಣ ನಿಯಂತ್ರಣದಲ್ಲಿದೆ, ಅದಕ್ಕೆ ಹಾಲಸ್ವಾಮಿಯವರೇ ಕಾರಣ," ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ನನ್ನ ಪ್ರಯಾಣ ಭತ್ಯೆ ಏರಿಸಿ ಎಂದು ಆಗಲೇ ಕೇಳಿದೆ. ಐದೂ ತಾಲ್ಲೂಕಿನಲ್ಲಿ ದರಗಳು ಸ್ಥಿರವಾಗಿರುವುದರಿಂದ ಏರಿಸಲು ಅವಕಾಶವಿಲ್ಲ ಎಂದರು. ಮಾತು ನ್ಯಾಯವಾಗಿತ್ತು. ಬರುವಾಗ ದಾರಿಯಲ್ಲಿ ಮಂಡಕ್ಕಿ ಮಿರ್ಚಿ ತಿಂದೆ, ಒಂದು ತಟ್ಟೆಗೆ ಐವತ್ತು. ಲೂಟಿ.

ಆಗಸ್ಟ್ 1, ಶುಕ್ರವಾರ

ಎಪ್ಪತ್ತು. ಜನಜಾತ್ರೆ. ಎರಡು ಗಂಟೆಗೇ ಅನ್ನ ಖಾಲಿ. ನಾಗಲಿಂಗಮ್ಮ ಇವತ್ತು ನನ್ನ ಜೊತೆ ಮಾತಾಡಲಿಲ್ಲ, ಕೆಲಸ ಹೆಚ್ಚಾಗಿತ್ತು.

ಆಗಸ್ಟ್ 12, ಮಂಗಳವಾರ

ತರಬೇತಿ ಕೇಂದ್ರದ ಉತ್ತರ ಬಂತು. ನಾಗಲಿಂಗಮ್ಮ ಸೆರಗಿಗೆ ಕೈ ಒರೆಸಿಕೊಂಡು ಬಂದು ಎದುರಿಗೆ ಕೂತಳು. ಜೋರಾಗಿ ಓದಿದೆ.

"ತಮ್ಮ ಮನವಿಯನ್ನು ಪರಿಶೀಲಿಸಲಾಗಿದೆ. ಬೆಲೆ ಪಟ್ಟಿಯಂತೆ ಕೊಟ್ಟೂರು ಪಟ್ಟಣದಲ್ಲಿ ಖಾನಾವಳಿ ಊಟದ ದರ ಏಪ್ರಿಲ್ ತಿಂಗಳಿನಿಂದ ಈವರೆಗೆ ಎಪ್ಪತ್ತು ರೂಪಾಯಿಯಲ್ಲೇ ಇದ್ದು, ಯಾವುದೇ ಏರಿಕೆ ಕಂಡುಬಂದಿಲ್ಲ. ಆದ್ದರಿಂದ..."

ಮುಂದಿನದು ಓದಲು ಅವಳು ಬಿಡಲಿಲ್ಲ. "ಎಪ್ಪತ್ತಕ್ಕ ಊಟಾ ಹಾಕೋ ಖಾನಾವಳಿ ಕೊಟ್ಟೂರಾಗ ಯಾವ್ದೈತ್ರಿ? ಎಲ್ಲಾರೂ ತೊಂಬತ್ತು, ನೂರು ಮಾಡ್ಯಾರ. ನಮ್ ಹೊಟ್ಟಿ ಮ್ಯಾಲೆ ಹೊಡಿಯಾಕ ಹುಟ್ಟಿದಂವ ಅವ ಯಾರು? ಹೆಸರು ಹೇಳ್ರಿ, ಹೋಗಿ ಕೇಳ್ತೀನಿ. ನಿಮ್ಮ ಹತ್ರ ಇರತೈತಲ್ಲ ಪಟ್ಟಿ?"

ಸುಂಕಮ್ಮ ಬಡಿಯುವುದನ್ನು ನಿಲ್ಲಿಸಿದಳು. ನಾನು ಕಾಗದವನ್ನು ಮಡಚಿದೆ, ಬಿಚ್ಚಿದೆ. ಇದು ಸರಾಸರಿ, ಇದರಲ್ಲಿ ಅನೇಕ ಅಂಶಗಳಿರುತ್ತವೆ ಎಂದು ಶುರುಮಾಡಿದೆ. ಆದರೆ ಕೊಟ್ಟೂರಿಗೆ ಗೊತ್ತುಮಾಡಿದ ಖಾನಾವಳಿ ಒಂದೇ. ಒಂದರ ಸರಾಸರಿ ಒಂದೇ.

ಅವಳು ನನ್ನ ಮುಖ ನೋಡಿದಳು. ಆಮೇಲೆ ಗೋಡೆಯ ಬೋರ್ಡು ನೋಡಿದಳು. ಬೈಯುತ್ತಾಳೆ ಎಂದುಕೊಂಡೆ, ಬೈಯಲಿಲ್ಲ.

"ನಾನ ಏನ್ರಿ ಅದು?" ಎಂದಳು, ಅಷ್ಟೇ.

ನನಗೆ ನಾಚಿಕೆಯಾಯಿತು. ನಿಜವಾಗಿ ಆಯಿತು, ಇಲ್ಲಿ ಸುಳ್ಳು ಬರೆದು ಯಾರಿಗೆ ತೋರಿಸಲಿ? ನಾಳೆಯೇ ಅರುಣಕುಮಾರ್ ಅವರಿಗೆ ಫೋನು ಮಾಡಿ ಎಲ್ಲ ಸರಿಪಡಿಸುತ್ತೇನೆ.

ಆಗಸ್ಟ್ 13, ಬುಧವಾರ

ಫೋನು ಮಾಡಿದೆ. ನಾಲ್ಕು ತಿಂಗಳ ಅಂಕಿ ತಿದ್ದಬೇಕಾದರೆ ತನಿಖೆ ಆಗುತ್ತದೆ, ಪ್ರಮಾಣಪತ್ರ ವಾಪಸು ಕೊಡಬೇಕಾಗುತ್ತದೆ ಎಂದರು. ಇನ್ನು ಒಂದೂವರೆ ತಿಂಗಳಲ್ಲಿ ನವೀಕರಣ. ನವೀಕರಣ ಆದಮೇಲೆ ಸರಿಪಡಿಸಿದರೆ ಎಲ್ಲರಿಗೂ ಒಳ್ಳೆಯದು. ಅವಸರ ಮಾಡಬಾರದು.

ಆಗಸ್ಟ್ 16, ಶನಿವಾರ

ಸುಂಕಮ್ಮ ಹರಪನಹಳ್ಳಿಗೆ ಹೋದಳು. ಹೋಗುವಾಗ ನಾಗಲಿಂಗಮ್ಮನ ಕೈ ಹಿಡಿದು ಅತ್ತಳು. ನನಗೆ, "ಬರ್ತೀನ್ರಿ ಸ್ವಾಮ್ಯಾರ, ಅಲ್ಲಿಗೂ ಬರ್ತೀರೇನು ಪಟ್ಟಿ ತಗೊಂಡು?" ಎಂದಳು. ಆ ಹೋಟೆಲು ನನ್ನ ಪಟ್ಟಿಯಲ್ಲಿಲ್ಲ ಎಂದೆ. "ದೇವ್ರು ಅದಾನ ಬಿಡ್ರಿ," ಎಂದಳು.

ಮಧ್ಯಾಹ್ನವೇ ನಾಗಲಿಂಗಮ್ಮ ಖಾನಾವಳಿಗೆ ಬೀಗ ಹಾಕಿದಳು. ಹದಿನಾಲ್ಕು ವರ್ಷದಲ್ಲಿ ಅವಳು ಅದಕ್ಕೆ ಹಗಲು ಬೀಗ ಹಾಕಿದ್ದನ್ನು ನಾನು ನೋಡಿರಲಿಲ್ಲ.

ಸೆಪ್ಟೆಂಬರ್ 5, ಶುಕ್ರವಾರ

ಕೊಟ್ಟೂರಿನ ದಿನ. ಮುಚ್ಚಿದ ಬಾಗಿಲ ಮುಂದೆ ಹತ್ತು ಹನ್ನೆರಡು ಜನ ನಿಂತಿದ್ದರು, ಎಪ್ಪತ್ತರ ಊಟಕ್ಕೆ. ಇವತ್ತು ಇಲ್ಲ ಎಂದೆ. ಒಬ್ಬ ನನ್ನನ್ನೇ ಬೈದ.

ಕಟ್ಟೆಯ ಮೇಲೆ ಕೂತು ಟ್ಯಾಬು ತೆಗೆದೆ. ಅಂಗಡಿ ಮುಚ್ಚಿದ್ದರೆ ಎರಡು ದಾರಿ ಕೊಡುತ್ತದೆ. ಒಂದು, ಕಾಯಂ ಮುಚ್ಚಿದೆ ಎಂದು ತುಂಬಿ ಹತ್ತಿರದ ಇನ್ನೊಂದು ಖಾನಾವಳಿ ಹಿಡಿಯುವುದು. ಎದುರಿಗಿರುವ ಖಾನಾವಳಿಯಲ್ಲಿ ಊಟ ನೂರು ರೂಪಾಯಿ, ಕೆಂಪು ಬರುತ್ತದೆ, ಕಾರಣ ಬರೆಯಬೇಕಾಗುತ್ತದೆ. ಎರಡು, ತಾತ್ಕಾಲಿಕವಾಗಿ ಮುಚ್ಚಿದೆ, ಹಿಂದಿನ ತಿಂಗಳ ದರವನ್ನೇ ಮುಂದುವರಿಸಿ. ನಾಗಲಿಂಗಮ್ಮ ಎಂದಾದರೂ ತೆರೆಯಬಹುದಲ್ಲ, ಮನಸ್ಸು ಬದಲಾಗಬಹುದು. ಎರಡನೆಯದನ್ನು ಒತ್ತಿದೆ. ಹಸಿರು.

ಅರುಣಕುಮಾರ್ ಅರ್ಧ ಗಂಟೆಯಲ್ಲಿ ಫೋನು ಮಾಡಿ ನವೀಕರಣಕ್ಕೆ ನನ್ನ ಹೆಸರು ಕಳಿಸಿದೆ ಎಂದರು. ಒಂದು ವರ್ಷದ ಗುತ್ತಿಗೆ. ಈ ಸುದ್ದಿ ಹೇಳೋಣ ಎಂದು ಮನೆಗೆ ಹೋದೆ. ನಾಗಲಿಂಗಮ್ಮ ಅಂಗಳದಲ್ಲಿ ಖಾನಾವಳಿಯ ದೊಡ್ಡ ಪಾತ್ರೆಗಳನ್ನು ತಿಕ್ಕಿ ಸಾಲಾಗಿ ಇಡುತ್ತಿದ್ದಳು. ಕೊಳ್ಳುವವರು ಸಂಜೆ ಬರುತ್ತಾರಂತೆ.

ಸುದ್ದಿ ಕೇಳಿ, "ಛಲೋ ಆತು," ಎಂದಳು. ಆಮೇಲೆ ತಲೆ ಎತ್ತದೆ, "ಇವತ್ತು ನನ್ ಊಟಕ್ಕ ಎಷ್ಟು ಬರದ್ರಿ?" ಎಂದು ಕೇಳಿದಳು.

"ಎಪ್ಪತ್ತು."

"ಬಾಗ್ಲಾ ಹಾಕಿ ಇಪ್ಪತ್ತು ದಿನ ಆತು. ಯಾರು ಮಾಡಿದ್ರು? ಯಾರು ಉಂಡ್ರು?"

ಅದಕ್ಕೆ ಟ್ಯಾಬಿನಲ್ಲಿ ಕಾಲಂ ಇಲ್ಲ. ಅವಳು ಮತ್ತೊಂದು ಪಾತ್ರೆ ಎಳೆದುಕೊಂಡಳು. ಒಲೆ ಹಚ್ಚಿರಲಿಲ್ಲ. ಬಸ್ ನಿಲ್ದಾಣದ ಕಡೆ ಹೋಗಿ ಎದುರಿನ ಖಾನಾವಳಿಯಲ್ಲಿ ಉಂಡೆ. ರೊಟ್ಟಿ ದಪ್ಪ, ಪಲ್ಯದಲ್ಲಿ ಉಪ್ಪು ಹೆಚ್ಚು. ನೂರು ರೂಪಾಯಿ ಕೊಟ್ಟೆ. ಆ ಖಾನಾವಳಿ ಪಟ್ಟಿಯಲ್ಲಿಲ್ಲ, ಆದ್ದರಿಂದ ಎಲ್ಲೂ ಬರೆಯಲಿಲ್ಲ.